ಗಣಕದೊಳಗೆ ಕನ್ನಡ ಬಂದ ದಾರಿ

‘ಅಜ್ಜಂಪುರ’ ಎಂಬ ಹೆಸರನ್ನು ಎರಡನೇ ತರಗತಿಯ ಮಗು ಸ್ಲೇಟಿನ ಮೇಲೆ ಸಲೀಸಾಗಿ ಬರೆಯುತ್ತದೆ. ಜಕಾರಕ್ಕೆ ಒತ್ತು, ಪಕ್ಕದಲ್ಲಿ ಸೊನ್ನೆ, ಪಕಾರಕ್ಕೆ ಕೊಂಬು ಕೊಟ್ಟರೆ ಮುಗಿಯಿತು. ಗಣಕಯಂತ್ರಕ್ಕೆ ಮಾತ್ರ ಇದು ಸುಲಭದ ಪಾಠವಾಗಿರಲಿಲ್ಲ. ಅಕ್ಷರಗಳು ಸಾಲಾಗಿ ಒಂದರ ಪಕ್ಕ ಒಂದು ಕೂರುವ ಇಂಗ್ಲಿಷಿಗೆಂದು ರೂಪುಗೊಂಡ ಯಂತ್ರ ಅದು. ಒಂದು ಅಕ್ಷರದ ಕೆಳಗೆ ಇನ್ನೊಂದು ಬಂದು ನಿಲ್ಲುವ ಲಿಪಿಯ ಪರಿಚಯ ಅದಕ್ಕಿರಲಿಲ್ಲ.

ಗಣಕದಲ್ಲಿ ಎಲ್ಲ ತಂತ್ರಾಂಶಗಳಿಗೂ ಬುನಾದಿಯಾಗಿರುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಅಂಥದ್ದೊಂದು. ಕೆಲವು ವರ್ಷಗಳಿಗೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಹೊಸ ಬಣ್ಣ, ಹೊಸ ವೇಗ, ಹೊಸ ಅನುಕೂಲಗಳ ಬಗ್ಗೆ ಜಾಹೀರಾತುಗಳು ಬರುತ್ತವೆ. ಕನ್ನಡದ ಮಟ್ಟಿಗೆ ಇವುಗಳಲ್ಲಿ ನೆನಪಿಡಬೇಕಾದ ದಿನ 2001ರ ಅಕ್ಟೋಬರ್ 25. ಅಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಲಿಪಿ ಮೊದಲ ಸಲ ವ್ಯವಸ್ಥೆಯ ಭಾಗವಾಗಿಯೇ ಬಂದಿತು. ಅದಕ್ಕೆ ಹಿಂದಿನ ವಿಂಡೋಸ್ 2000ದಲ್ಲಿ ಭಾರತದ ಲಿಪಿಗಳ ಪೈಕಿ ದೇವನಾಗರಿ ಮತ್ತು ತಮಿಳಿಗೆ ಮಾತ್ರ ಸ್ಥಾನ ಸಿಕ್ಕಿತ್ತು.

ಹಾಗಾದರೆ 2001ಕ್ಕೆ ಮೊದಲು ಗಣಕದಲ್ಲಿ ಕನ್ನಡ ಇರಲಿಲ್ಲವೇ? ಇತ್ತು, ಚೆನ್ನಾಗಿಯೇ ಇತ್ತು. ಸಣ್ಣ ಪಟ್ಟಣಗಳ ಡಿ.ಟಿ.ಪಿ. ಅಂಗಡಿಗಳಲ್ಲೂ ಮದುವೆಯ ಕರೆಯೋಲೆ, ಸ್ಮರಣ ಸಂಚಿಕೆ, ಕರಪತ್ರಗಳು ಕನ್ನಡದಲ್ಲೇ ಸಿದ್ಧವಾಗುತ್ತಿದ್ದವು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಮೂಡಿಸುವ ವಿನ್ಯಾಸ ಕೊಟ್ಟಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಿತ್ತು. ಸರ್ಕಾರದ ನೆರವಿನೊಂದಿಗೆ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಅಚ್ಚಿನ ಕೆಲಸದಲ್ಲಿ ಆಕೃತಿ, ಶ್ರೀಲಿಪಿಗಳು ನೆಲೆಯೂರಿದ್ದವು.

ವೇಷದ ಅಕ್ಷರಗಳು

ಈ ಏರ್ಪಾಟಿನಲ್ಲಿ ಒಂದು ತೊಡಕಿತ್ತು. ಪರದೆಯ ಮೇಲೆ ಕನ್ನಡ ಕಂಡರೂ ಯಂತ್ರದ ನೆನಪಿನಲ್ಲಿ ಉಳಿಯುತ್ತಿದ್ದುದು ಇಂಗ್ಲಿಷಿನ ಸಂಕೇತಗಳೇ. ಆ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸುವುದು ಫಾಂಟಿನ ಕೆಲಸ. ಫಾಂಟ್ ಕಳಚಿದರೆ ವೇಷವೂ ಕಳಚುತ್ತಿತ್ತು. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮೊದಲಿಗೆ ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ‘ಎ’, ಆಮೇಲೆ ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆ ಕಾಣುತ್ತಿದ್ದವು. ಇದು ಕನ್ನಡ ಎಂದು ಯಾರೂ ಹೇಳಲಾರರು. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಲು ಆಗುತ್ತಿರಲಿಲ್ಲ. ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಮುಂತಾದ ಕೆಲಸಗಳಿಗೆ ಆಯಾ ತಂತ್ರಾಂಶವನ್ನೇ ನೆಚ್ಚಿಕೊಳ್ಳಬೇಕಿತ್ತು.

ಇದು ಬರಿಯ ಸಾಹಿತಿಗಳ ತಕರಾರಾಗಿರಲಿಲ್ಲ. ರೈತರ ಜಮೀನಿನ ದಾಖಲೆಗಳನ್ನು ಗಣಕಕ್ಕೆ ಏರಿಸುವ ‘ಭೂಮಿ’ ಯೋಜನೆ ಇದೇ ವರ್ಷಗಳಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಕಾಲಿಟ್ಟಿತು. ಆಗ 15 ರೂಪಾಯಿ ಶುಲ್ಕ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಅಜ್ಜಂಪುರ ಈಗ ತಾಲ್ಲೂಕು ಕೇಂದ್ರ. ಆ ದಿನಗಳಲ್ಲಿ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಅಲ್ಲಿನ ರೈತನ ಹೆಸರು, ಊರು, ಹಿಡುವಳಿಗಳೆಲ್ಲ ಕನ್ನಡದಲ್ಲೇ ಗಣಕದೊಳಗೆ ಸೇರಬೇಕಿತ್ತು. ಒಂದು ಹೆಸರನ್ನು ನೂರಾರು ಹೆಸರುಗಳ ನಡುವೆ ಹುಡುಕಬೇಕಾದಾಗ ಅಕ್ಷರದ ಚಿತ್ರವಿದ್ದರೆ ಸಾಲದು, ಅದು ಯಾವ ಅಕ್ಷರವೆಂದು ಯಂತ್ರಕ್ಕೂ ತಿಳಿದಿರಬೇಕು.

ಆ ತಿಳಿವಳಿಕೆಗೆ ತಳಹದಿ ಯೂನಿಕೋಡ್. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಡುವ ಈ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿಯನ್ನು ಮೀಸಲಿಡಲಾಗಿತ್ತು. ಓಣಿಗೆ ಜಾಗ ಸಿಕ್ಕಿ ಹತ್ತು ವರ್ಷ ಕಳೆದ ಮೇಲೆ ವಿಂಡೋಸ್ ಅಲ್ಲಿಗೆ ರಸ್ತೆ ಹಾಕಿತು.

ಎಕ್ಸ್‌ಪಿ ಮಾಡಿದ್ದನ್ನು ಅಜ್ಜಂಪುರದ ಹೆಸರಿನಿಂದಲೇ ತಿಳಿಯಬಹುದು. ಯೂನಿಕೋಡಿನಲ್ಲಿ ಈ ಹೆಸರು ಎಂಟು ಸಂಕೇತಗಳಾಗಿ ಉಳಿಯುತ್ತದೆ: ಅ, ಜ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಜ, ಸೊನ್ನೆ, ಪ, ಕೊಂಬು, ರ. ಎರಡು ಜಕಾರಗಳ ನಡುವೆ ಅರ್ಧಾಕ್ಷರದ ಚಿಹ್ನೆ ಬಂದಾಗ ಎರಡನೆಯದನ್ನು ಒತ್ತಾಗಿಸಿ ಕೆಳಗಿಡಬೇಕೆಂದು ವ್ಯವಸ್ಥೆಯೇ ನಿರ್ಧರಿಸುತ್ತದೆ. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಮಾಡುತ್ತಿದ್ದ ಕೆಲಸವದು. ಅಕ್ಷರದ ರೂಪ ಕೊಡಲು ಎಕ್ಸ್‌ಪಿಯ ಜೊತೆಗೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಕಡತಕ್ಕೆ ಕನ್ನಡದಲ್ಲೇ ಹೆಸರಿಡುವುದು, ಅದೇ ಹೆಸರಿನಿಂದ ಹುಡುಕುವುದು ಸಾಧ್ಯವಾಯಿತು.

ಆದರೆ ಈ ಸೌಲಭ್ಯ ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಭಾಷೆಗಳ ವಿಭಾಗದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ವಿಂಡೋಸ್‌ನ ಸಿ.ಡಿ.ಯನ್ನು ಒಳಗಿಟ್ಟು, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕಿತ್ತು. ಇಷ್ಟಾದರೂ ಸಿಗುತ್ತಿದ್ದುದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಪಳಗಿಸಿಕೊಂಡಿದ್ದವರು ಹಳೆಯ ತಂತ್ರಾಂಶವನ್ನು ಬಿಡಲಿಲ್ಲ. ಹೀಗಾಗಿ ವ್ಯವಸ್ಥೆಗೆ ಕನ್ನಡ ಬಂದ ಮೇಲೂ ಅನೇಕ ಕಚೇರಿ, ಅಚ್ಚುಕೂಟಗಳಲ್ಲಿ ವೇಷದ ಕನ್ನಡವೇ ಮುಂದುವರಿಯಿತು. ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ಸಮರ್ಪಕ ತಂತ್ರಾಂಶ ಬೇಕೆಂದು ಒತ್ತಾಯಿಸುತ್ತಲೇ ಇದ್ದರು. ಅವರು 2007ರಲ್ಲಿ ತೀರಿಕೊಂಡರು. ಯೂನಿಕೋಡನ್ನು ಸರ್ಕಾರ ಶಿಷ್ಟತೆಯೆಂದು ಒಪ್ಪಿಕೊಂಡದ್ದು ಅದಕ್ಕೂ ಆಮೇಲೆ.

ಕೈಗೆ ಸಿಕ್ಕ ಕನ್ನಡ

ಜನಸಾಮಾನ್ಯರ ಕೈಗೆ ಈ ಕನ್ನಡ ತಲುಪಿದ್ದು ಹೆಚ್ಚಾಗಿ ಮೊಬೈಲಿನ ಮೂಲಕ. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಕನ್ನಡ ಲಿಪಿಗೆ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಐಫೋನಿನ ಕನ್ನಡ ಕೀಲಿಮಣೆ 2017ರಲ್ಲಿ ಬಂತು. ವಿಂಡೋಸ್ 10ರ 2019ರ ಮೇ ಪರಿಷ್ಕರಣೆಯಲ್ಲಿ, ಇಂಗ್ಲಿಷ್ ಅಕ್ಷರ ಒತ್ತಿದರೆ ಅದೇ ಉಚ್ಚಾರದ ಕನ್ನಡ ಮೂಡುವ ಕೀಲಿಮಣೆ ಸೇರಿತು. ಪರದೆಯ ಮೇಲೆ ಕನ್ನಡ ಕಾಣಿಸಿದ 2001ರಿಂದ ಲೆಕ್ಕ ಹಾಕಿದರೆ ಸುಮಾರು ಹದಿನೆಂಟು ವರ್ಷಗಳ ಹಾದಿ.

ಹೊಸದೇನೋ ಸುಗಮವಾಯಿತು. ಹಳೆಯದರ ಗತಿ ಏನು? ತರೀಕೆರೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಿಲಾಶಾಸನವನ್ನು ಹಳಗನ್ನಡ ಬಲ್ಲವರು ಇಂದಿಗೂ ಓದಬಲ್ಲರು. ಅದೇ ಸೀಮೆಯ ಒಂದು ಸಂಘ 1999ರಲ್ಲಿ ಸ್ಮರಣ ಸಂಚಿಕೆ ತಂದಿದ್ದು, ಅದರ ಕಡತವೊಂದೇ ಉಳಿದಿದ್ದರೆ, ತಕ್ಕ ಫಾಂಟ್ ಇಲ್ಲದವನಿಗೆ ಅದು ಬರಿಯ ಗೀಟುಗಳ ರಾಶಿ. ಊರಿನ ಇತಿಹಾಸ, ಜಾನಪದ ಸಂಗ್ರಹ, ಸಹಕಾರ ಸಂಘದ ನಡಾವಳಿಗಳೂ ಈ ಸ್ಥಿತಿಯಲ್ಲಿರಬಹುದು.

ಇದಕ್ಕೆ ಮದ್ದಿದೆ. ಹಳೆಯ ಫಾಂಟುಗಳ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಯಾವ ಫಾಂಟಿನಲ್ಲಿ ಬರೆದದ್ದೆಂದು ಬಲ್ಲವರೊಬ್ಬರು ಜೊತೆಗಿದ್ದು, ತಪ್ಪಿದ ಒತ್ತುಗಳನ್ನು ಕಣ್ಣಿಟ್ಟು ತಿದ್ದಿದರೆ ಸಾಕು. ವಿಂಡೋಸ್ ಎಕ್ಸ್‌ಪಿಗೆ ಸಂಸ್ಥೆಯ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗೆ ಬೆಂಬಲ ನಿಂತಾಗಲೆಲ್ಲ ಶಾಲೆ, ಸಂಘ, ಅಚ್ಚುಕೂಟಗಳ ಹಳೆಯ ಯಂತ್ರಗಳು ಗುಜರಿಯ ದಾರಿ ಹಿಡಿಯುತ್ತವೆ. ಗುಜರಿಯವನು ತೂಕ ಹಾಕುವ ಮೊದಲು ಒಮ್ಮೆ ಅವನ್ನು ಚಾಲೂ ಮಾಡಿ, ಒಳಗಿರುವ ಕನ್ನಡದ ಕಡತಗಳನ್ನು ಪ್ರತಿ ಮಾಡಿಕೊಳ್ಳುವುದು ಒಳ್ಳೆಯದು.