ಡೆರ್ರಿಯ ಕಥೆ, ಡಬ್ಲಿನ್ನಿನ ಗೋಡೆ

ಘಟನೆಯನ್ನು ಅದು ನಡೆದ ಸ್ಥಳದಲ್ಲೇ ಚಿತ್ರೀಕರಿಸಬೇಕೆಂದರೆ ಆ ಸ್ಥಳ ಉಳಿದಿರಬೇಕಲ್ಲ! ಪಾಲ್ ಗ್ರೀನ್‌ಗ್ರಾಸ್ ನಿರ್ದೇಶನದ ‘ಬ್ಲಡಿ ಸಂಡೆ’ (2002) ಚಿತ್ರಕ್ಕೆ ಎದುರಾದ ತೊಡಕು ಇದೇ.

1972ರ ಜನವರಿ 30, ಭಾನುವಾರ. ಉತ್ತರ ಐರ್ಲೆಂಡಿನ ಡೆರ್ರಿ ನಗರದಲ್ಲಿ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಮಂದಿ ಸತ್ತರು. ಗಾಯಗೊಂಡಿದ್ದ ಮತ್ತೊಬ್ಬರು ಕೆಲವು ತಿಂಗಳ ನಂತರ ತೀರಿಕೊಂಡರು. ಹಲವರು ಬಿದ್ದದ್ದು ರಾಸ್‌ವಿಲ್ ಫ್ಲ್ಯಾಟ್ಸ್ ಎಂಬ ವಸತಿ ಕಟ್ಟಡಗಳ ಆಸುಪಾಸಿನಲ್ಲಿ. ಚಿತ್ರ ತಯಾರಾಗುವ ಹೊತ್ತಿಗೆ ಆ ಕಟ್ಟಡಗಳೇ ನೆಲಸಮವಾಗಿದ್ದವು.

ಹೀಗಾಗಿ ಚಿತ್ರೀಕರಣದ ಹೆಚ್ಚಿನ ಭಾಗ ನಡೆದದ್ದು ಡಬ್ಲಿನ್ನಿನ ಬ್ಯಾಲಿಮನ್ ಬಡಾವಣೆಯಲ್ಲಿ. 1960ರ ದಶಕದಲ್ಲಿ ಎದ್ದ ಅಲ್ಲಿನ ಬಹುಮಹಡಿ ಮನೆಗಳು ರಾಸ್‌ವಿಲ್‌ನ ಪಾತ್ರ ವಹಿಸಿದವು. ಮೆರವಣಿಗೆಯ ಕೆಲವು ದೃಶ್ಯಗಳನ್ನು ಮಾತ್ರ ಡೆರ್ರಿಯ ಕ್ರೆಗನ್‌ನಲ್ಲಿ, ಅಂದು ಜನ ನಡೆದ ದಾರಿಯಲ್ಲೇ ತೆಗೆಯಲಾಯಿತು. ಸೇನೆಯ ತಡೆಯಿಂದಾಗಿ ಮೆರವಣಿಗೆ ತಲುಪಲಾಗದ ಗಿಲ್ಡ್‌ಹಾಲ್ ಚೌಕಕ್ಕೂ ಕ್ಯಾಮೆರಾ ಹೋಯಿತು.

ಬ್ಯಾಲಿಮನ್ನಿನ ಏಳು ಗೋಪುರಗಳೂ ಈಗಿಲ್ಲ; ಕೊನೆಯದು ಉರುಳಿದ್ದು 2015ರ ಸುಮಾರಿಗೆ. ಗಿಲ್ಡ್‌ಹಾಲ್ ಚೌಕ ಉಳಿದಿದೆ. ಸತ್ತವರು ನಿರಪರಾಧಿಗಳೆಂದು ಸ್ಯಾವಿಲ್ ವಿಚಾರಣಾ ವರದಿ ಸಾರಿದಾಗ, ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದನ್ನು ಜನ ಪರದೆಯ ಮೇಲೆ ಕಂಡದ್ದು ಅಲ್ಲಿಯೇ, 2010ರ ಜೂನ್ 15ರಂದು. ಮೆರವಣಿಗೆ ಕೊನೆಗೂ ಚೌಕ ಮುಟ್ಟಿತ್ತು.