ಗಡಿ ಅರಿಯದ ಕೃಷ್ಣಮೃಗ

ಔರಾದ ತಾಲ್ಲೂಕಿನ ಎಕಂಬಾದಿಂದ ಉದಗೀರದವರೆಗಿನ ಬಯಲು ಒಂದು ಕಾಲಕ್ಕೆ ಒಂದೇ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಂಗಡಣೆಯಾದಾಗ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಹೋದವು; ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ ಬಂದವು. ಈ ಪಾಠವನ್ನು ನಿಮ್ಮಲ್ಲಿ ಹಲವರು ತರಗತಿಯಲ್ಲಿ ಕೇಳಿದ್ದೀರಿ. ಅದರಲ್ಲಿ ಕೃಷ್ಣಮೃಗದ ಪ್ರಸ್ತಾಪವೇ ಇರಲಿಲ್ಲ.

ಪಳಗಿಸಿದ ಸಿವಂಗಿಗಳನ್ನು, ಅಂದರೆ ಚೀತಾಗಳನ್ನು, ಕೃಷ್ಣಮೃಗಗಳ ಮೇಲೆ ಬಿಡುವುದು ದೇಶದ ಅನೇಕ ಅರಸರಿಗೆ ವಿನೋದವಾಗಿತ್ತು. ಭಾರತದಲ್ಲಿ ಸಿವಂಗಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. ಬೇಟೆಗಾರ ಅಳಿದು ಬೇಟೆ ಉಳಿದದ್ದು ಇತಿಹಾಸದ ವಿಚಿತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು.

ಪ್ರಾಣಿಗೆ ರಕ್ಷಣೆ ದೊರೆಯಿತು. ಅದು ಮೇಯುವ ಹುಲ್ಲುಗಾವಲಿಗೆ ದೊರೆಯಲಿಲ್ಲ. ನಮ್ಮ ಕಣ್ಣಿಗೆ ಮರವಿದ್ದರಷ್ಟೇ ಕಾಡು, ಗಾಯರಾಣವೆಂದರೆ ಬಂಜರು. ನೆರೆಯ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ಸಂತೋಷ. ಆದರೆ ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. 1974ರಲ್ಲಿ ಈ ಪ್ರಾಣಿಗಾಗಿಯೇ ಆದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿಯೂ ಬಹುಭಾಗ ನೀಲಗಿರಿ ತೋಪೇ ಬೆಳೆದು ನಿಂತಿತು. ಹಸಿರೆಲ್ಲ ಒಂದೇ ಎಂದು ಬಗೆದದ್ದರ ಫಲವಿದು ಎಂಬುದು ನನ್ನ ಅಭಿಪ್ರಾಯ.

ಹೀಗಾಗಿ ಹಿಂಡುಗಳು ಹೆಸರು, ಉದ್ದು, ಜೋಳದ ಹೊಲಗಳಿಗೆ ಇಳಿಯುತ್ತವೆ. ರೈತನ ಸಿಟ್ಟು ಅನ್ಯಾಯದ್ದಲ್ಲ. ಹಿಂಡು ಇತ್ತ ಮೇಯ್ದರೆ ಪರಿಹಾರದ ಅರ್ಜಿ ಕರ್ನಾಟಕದ ಅರಣ್ಯ ಇಲಾಖೆಗೆ. ಅದೇ ಹಿಂಡು ಬದು ದಾಟಿ ಅತ್ತ ಮೇಯ್ದರೆ ಮಹಾರಾಷ್ಟ್ರದ ಇಲಾಖೆಗೆ, ಮರಾಠಿಯಲ್ಲಿ.