ಸಾಮಾನ್ಯ ಸೌಲಭ್ಯ ಕೇಂದ್ರದಲ್ಲಿ ಮಣ್ಣಿನ ಪಾತ್ರೆಗಳಿಗೆ ಗ್ಲೇಜ್ ಲೇಪನ: ಅರ್ಜಿದಾರರಿಗೆ ಮಾಹಿತಿ

ಕೇಂದ್ರದ ಆವಿಗೆಯಲ್ಲಿ ಹಲವರ ಪಾತ್ರೆಗಳು ಒಟ್ಟಿಗೆ ಬೇಯುವುದರಿಂದ, ಒಬ್ಬರ ಗ್ಲೇಜ್ ಕರಗಿ ಹರಿದಲ್ಲಿ ನೆರೆಯ ಪಾತ್ರೆಯೂ ಆವಿಗೆಯೊಳಗಿನ ಹಲಗೆಯೂ ಹಾಳಾಗುತ್ತವೆ. ಆದುದರಿಂದ ಪಾತ್ರೆಯ ತಳವನ್ನೂ, ತಳದಿಂದ ಮೇಲಕ್ಕೆ ಸುಮಾರು 5 ಮಿ.ಮೀ. ಅಂಚನ್ನೂ ಒದ್ದೆ ಸ್ಪಂಜಿನಿಂದ ಒರೆಸಿ ಲೇಪರಹಿತವಾಗಿ ಇಡತಕ್ಕದ್ದು. ಹೆಚ್ಚು ಹರಿಯುವ ಗ್ಲೇಜಾದರೆ ಇನ್ನಷ್ಟು ಅಂಚು ಬಿಡುವುದು ಕ್ಷೇಮ.

ಮೊದಲ ಬಾರಿ ಸುಟ್ಟ ಪಾತ್ರೆಯ ಧೂಳನ್ನು ಒರೆಸಿದ ನಂತರವೇ ಲೇಪಿಸಬೇಕು. ಧೂಳು ಅಥವಾ ಕೈಯ ಜಿಡ್ಡು ಇರುವೆಡೆ ಗ್ಲೇಜ್ ಹಿಡಿಯುವುದಿಲ್ಲ. ಗ್ಲೇಜ್ ಪುಡಿ ಕೆಳಗೆ ಕೂರುವ ಕಾರಣ ಪ್ರತಿ ಬಾರಿ ಬಕೆಟ್ಟಿನ ತಳದವರೆಗೆ ಕಲಕಿ, ಪಾತ್ರೆಯನ್ನು 2-3 ಸೆಕೆಂಡು ಮಾತ್ರ ಅದ್ದತಕ್ಕದ್ದು. ಒಂದು ಬಕೆಟ್ಟಿನ ಸೌಟನ್ನು ಇನ್ನೊಂದಕ್ಕೆ ಹಾಕಬಾರದು (ಇದನ್ನು ಮರೆಯುವವರೇ ಹೆಚ್ಚು).

ಸೀಸಯುಕ್ತ ಗ್ಲೇಜನ್ನು ಊಟದ ಪಾತ್ರೆಗಳಿಗೆ ಬಳಸುವಂತಿಲ್ಲ. ಮೊಸರು, ಹುಳಿ, ಉಪ್ಪಿನಕಾಯಿಗಳ ಆಮ್ಲಕ್ಕೆ ಸೀಸವು ಬಿಟ್ಟುಕೊಂಡು ಆಹಾರವನ್ನು ಸೇರುತ್ತದೆ.